ರೆಕಾರ್ಡಿನೊಳಗಿನ ಸೀನು

ಇಷ್ಟೆಲ್ಲ ಅನರ್ಥಕ್ಕೆ ಮೂಲ ಎರಡೇ ಹನಿ ಮೂಗಿನ ಔಷಧ.

ಊಟಿಯ ಡಾಕ್ಟರು ಅದನ್ನು ಕೊಟ್ಟದ್ದು ಹಿಂದಿನ ದಿನ ಸಂಜೆ. ಬೆಳ್ಳಿರಾಜ ಕೇಳಿ ಪಡೆದದ್ದಲ್ಲ. ಹೆಂಡತಿ ಕೆಂಪಿ ಅವನನ್ನು ಸಂತೆಗೆ ಹೊರಟ ಎಮ್ಮೆಯಂತೆ ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸಿದ್ದಳು. ಡಾಕ್ಟರು ಟಾರ್ಚು ಹಾಕಿ ಮೂಗಿನೊಳಗೆ ಇಣುಕಿದರು. ಪಾಳುಗವಿಯೊಳಗೆ ಇಣುಕಿದವರ ಹಾಗೆ ಥಟ್ಟನೆ ಹಿಂದೆ ಸರಿದರು.

"ಏನ್ರೀ ಇದು, ಒಳಗೆ ನಶ್ಯದ ಗೋಡೌನೇ ಇದೆಯಲ್ಲ! ಎಷ್ಟು ವರ್ಷದಿಂದ ಹಾಕ್ತಿದ್ದೀರಿ?"

"ಇಪ್ಪತ್ತೇಳು ವರ್ಷ, ಸಾರ್."

"ಚಟವಾ?"

"ಇಲ್ಲೆ ಸಾರ್. ಉದ್ಯೋಗ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಮೂಗು ತೊಳೆದು, ಎರಡು ಹನಿ ಬಿಟ್ಟು ಕಳಿಸಿದರು.

ಬೆಳಿಗ್ಗೆ ಎದ್ದಾಗ ಬೆಳ್ಳಿರಾಜನ ಮೂಗಿನ ಎರಡೂ ಹೊಳ್ಳೆಗಳಲ್ಲಿ ಗಾಳಿ ಸರಾಗವಾಗಿ ಓಡಾಡುತ್ತಿತ್ತು. ಒಲೆಯ ಹೊಗೆ, ಕಾಫಿ, ಹಿತ್ತಿಲಾಚೆಯ ಟೀ ಗಿಡಗಳ ಒದ್ದೆ ವಾಸನೆ, ಒಂದೊಂದೂ ಬೇರೆ ಬೇರೆಯಾಗಿ ಬಂದು ಪರಿಚಯ ಹೇಳಿಕೊಂಡವು. ಕಾಫಿ ತಂದ ಕೆಂಪಿಯ ಕಡೆ ತಿರುಗಿ, "ಏನು, ಇವತ್ತು ತಲೆಗೆ ಎಣ್ಣೆ ಹಾಕಿದಿಯಾ? ಚೆನ್ನಾಗಿ ಗಮ್ಮೆನ್ತದೆ" ಅಂದ.

"ಮದುವೆಯಾದ ದಿನದಿಂದ ಇದೇ ಎಣ್ಣೆ" ಎಂದು ಕೆಂಪಿ ನಾಚಿಕೊಂಡು ಒಳಗೆ ಓಡಿದಳು. ಬೆಳ್ಳಿರಾಜನಿಗೆ ತಾನು ಇಷ್ಟು ವರ್ಷ ಏನೇನು ಕಳೆದುಕೊಂಡಿದ್ದೆ ಎಂಬ ಲೆಕ್ಕ ಆಗಲೇ ಶುರುವಾಯಿತು. ಆ ಲೆಕ್ಕ ಮುಗಿಯುವ ಮೊದಲೇ ಹಟ್ಟಿಯ ಅಂಗಡಿಯಿಂದ ಕೂಗು ಬಂತು: "ಬೆಳ್ಳಣ್ಣೋ! ರೆಸಾರ್ಟಿಂದ ಫೋನು!"

ಫೋನಿನಲ್ಲಿದ್ದವನು ಮ್ಯಾನೇಜರ್ ಸಂತೋಷ್‌ಕುಮಾರ್. ಕಲ್ಲಟ್ಟಿ ರಸ್ತೆಯ ಬ್ಲೂ ಕರ್ಟನ್ ರೆಸಾರ್ಟನ್ನು ಕೊಯಮತ್ತೂರಿನ ಧಣಿಯೊಬ್ಬರು, ಅಲ್ಲಿನ ಮಾತಿನಲ್ಲಿ ಮುದಲಾಳಿ, ಕೊಂಡು ಎರಡು ತಿಂಗಳಾಗಿತ್ತು. ಅಂದಿನಿಂದ ಸಂತೋಷ್‌ಕುಮಾರ್ ಪಿಸುದನಿಯಲ್ಲೇ ಮಾತಾಡುತ್ತಿದ್ದ.

"ಬೆಳ್ಳಿ, ಇವತ್ತು ಸಾಯಂಕಾಲ ಮುದಲಾಳಿನೇ ಬರ್ತಾರೆ. ಬ್ಯಾಂಡ್ ತೆಗೆದು ಡಿಜೆ ಹಾಕೋಣ ಅಂತಿದಾರೆ. ಆದ್ರೆ ಮದರಾಸಿಂದ ಒಬ್ಬರು ಫೋನ್ ಮಾಡಿದಾರೆ. ನಿಮ್ಮ ರೆಕಾರ್ಡ್ ಮಾಡಿದ ಕಂಪನಿಯವರಂತೆ. ಆ ಸೀನು ಕೇಳೋಕೇ ಬರ್ತಿದ್ದಾರಂತೆ! ಅವರು ಖುಷಿಯಾದ್ರೆ ಬ್ಯಾಂಡ್ ಇರುತ್ತೆ, ಇಲ್ಲಾಂದ್ರೆ ನಾಳೆಯಿಂದ ಡಿಜೆ. ಸೀನು ಒಳ್ಳೇ ಭರ್ಜರಿಯಾಗಿರಲಿ."

ಬೆಳ್ಳಿರಾಜ ಮನೆಗೆ ಬಂದು, ಡಬ್ಬಿ ತೆಗೆದು, ಒಂದು ದೊಡ್ಡ ಚಿಟಿಕೆ ನಶ್ಯ ಏರಿಸಿ ಕಾದ. ಏನೂ ಆಗಲಿಲ್ಲ. ಇನ್ನೊಂದು ಚಿಟಿಕೆ ಏರಿಸಿದ. ನಶ್ಯದಲ್ಲಿ ಲವಂಗದ ಘಮ ಇದೆ ಎಂಬುದು ಅವನಿಗೆ ಮೊದಲ ಬಾರಿ ಗೊತ್ತಾಯಿತು. ಸೀನು ಮಾತ್ರ ಬರಲಿಲ್ಲ. ಅವನು ಅಲ್ಲೇ ಕುಕ್ಕರಿಸಿ ತಲೆಯ ಮೇಲೆ ಕೈಹೊತ್ತ.

"ಮೂಗು ಸರಿಯಾತು ಅಂತ ಅಳೋ ಗಂಡಸನ್ನ ನಾ ಎಲ್ಲೂ ಕಂಡಿಲ್ಲೆ" ಅಂದಳು ಕೆಂಪಿ.

ಅವಳಿಗೂ ಗೊತ್ತಿತ್ತು, ಅಳುವಿಗೆ ಕಾರಣವಿದೆ ಎಂದು. ಬ್ಲೂ ಕರ್ಟನ್ನಿನ ಲೌಂಜಿನಲ್ಲಿ 'ಮಿಸ್ಟಿ ಫೈವ್' ಎಂಬ ಬ್ಯಾಂಡು ನುಡಿಸತೊಡಗಿ ಮೂವತ್ತು ವರ್ಷ ದಾಟಿತ್ತು. ಹೆಸರಿನಲ್ಲಿ ಐದಿದ್ದರೂ ಈಗ ಉಳಿದದ್ದು ಮೂವರು. ಆರ್ಗನ್ ನುಡಿಸುವ ಕುನ್ನೂರಿನ ಆಂಗ್ಲೋ-ಇಂಡಿಯನ್ ಮುದುಕಿ ಮಿಸ್ ಡಾಫ್ನಿ, ಡ್ರಮ್ ಬಾರಿಸುವ ದೇವ, ಸ್ಯಾಕ್ಸೋಫೋನಿನ ಬೆಳ್ಳಿರಾಜ. ಬೆಳ್ಳಿರಾಜನ ಅಪ್ಪ ವೆಲ್ಲಿಂಗ್ಟನ್ನಿನ ಮಿಲಿಟರಿ ಮೆಸ್ಸಿನಲ್ಲಿ ಅಡಿಗೆಯವನು. ಅಲ್ಲಿನ ನಿವೃತ್ತ ಬ್ಯಾಂಡು ಮೇಷ್ಟರೊಬ್ಬರಿಗೆ ದಿನವೂ ಊಟ ಹೊತ್ತು ಹೋಗುತ್ತಾ ಮಗ ಸ್ಯಾಕ್ಸೋಫೋನು ಕಲಿತ. ಸೋಲೂರು ಸೀಮೆಯ ಹಟ್ಟಿಗಳಲ್ಲಿ ಟೀ ಎಲೆ ಕೀಳಲು ಬಾರದ, ಸ್ಯಾಕ್ಸೋಫೋನು ಮಾತ್ರ ಬರುವ ಏಕೈಕ ಗಂಡಸು ಅವನೇ.

ಎಪ್ಪತ್ತೆರಡನೆಯ ಇಸವಿಯಲ್ಲಿ ಮದರಾಸಿನ ಕಂಪನಿಯೊಂದು ಇವರ ಹಾಡುಗಳನ್ನು ರೆಕಾರ್ಡು ಮಾಡಿತು. ಸ್ವಂತದ್ದು ಒಂದೂ ಇಲ್ಲ. ಇಂಗ್ಲಿಷ್, ಹಿಂದಿ ಹಾಡುಗಳನ್ನು ತಂದು ತಮ್ಮ ರೀತಿಯಲ್ಲಿ ನುಡಿಸಿದ್ದು. ಲೌಂಜಿನಲ್ಲೇ ಮೈಕು ನಿಲ್ಲಿಸಿ, ಪರದೆಯ ಹಿಂದೆ ಯಂತ್ರವಿಟ್ಟು, ಒಂದೇ ಮಧ್ಯಾಹ್ನದಲ್ಲಿ ಮುಗಿಸಿದರು. ರೆಕಾರ್ಡಿನ ಎರಡನೆಯ ಮಗ್ಗುಲಿನಲ್ಲಿ ಒಂದು ನಿಧಾನದ ಪ್ರೇಮಗೀತೆ. ಅದರ ನಡುವೆ ವಾದ್ಯಗಳೆಲ್ಲ ಒಮ್ಮೆ ಉಸಿರು ಹಿಡಿದು ನಿಲ್ಲುತ್ತವೆ. ಎಲ್ಲರೂ ಕಣ್ಣು ಮುಚ್ಚಿ ನಿಂತಿದ್ದ ಆ ಮೌನದಲ್ಲಿ, ಯಾರೋ ಕಂಬಳಿ ಹರಿದಂತೆ, "ಹಾ...ಆ...ಆಕ್ಷೀಂಯ್!"

ಕಣ್ಣು ಬಿಟ್ಟು ನೋಡಿದರೆ ನೆಗಡಿಯಾಗಿದ್ದ ಬೆಳ್ಳಿರಾಜ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದ. "ನಾನಲ್ಲ, ನಾನು ತಡ್ಕೊಂಡೆ" ಎಂದು ಅವನು ಹೇಳಿದ್ದನ್ನು ಯಾರೂ ನಂಬಲಿಲ್ಲ. ಟೇಪು ಮುಗಿದಿತ್ತು. ಸೀನು ಹಾಗೇ ರೆಕಾರ್ಡಿನ ಮೇಲೆ ಅಚ್ಚಾಯಿತು.

ರೆಕಾರ್ಡು ಹನಿಮೂನಿಗೆ ಬಂದವರ ಪೆಟ್ಟಿಗೆಗಳಲ್ಲಿ ಊರೂರು ಸೇರಿತು. ಮಾರನೆಯ ವರ್ಷ ಅವರು ತಿರುಗಿ ಬಂದು "ಆ ಸೀನಿನ ಹಾಡು ನುಡಿಸಿ" ಅಂದರು. ಸೀನಿಲ್ಲದೆ ನುಡಿಸಿದರೆ ಮುಖ ಸಣ್ಣದು ಮಾಡಿದರು. ಅಂದಿನಿಂದ ಬೆಳ್ಳಿರಾಜ ಪ್ರತಿ ಸಂಜೆ ನಶ್ಯ ಏರಿಸಿ ಅದೇ ಜಾಗದಲ್ಲಿ ಸೀನತೊಡಗಿದ. ಸೀನಿದ ಕೂಡಲೇ ಇಡೀ ಲೌಂಜು ಒಕ್ಕೊರಲಿನಿಂದ "ಬ್ಲೆಸ್ ಯೂ" ಎಂದು ಕೂಗಿ ಚಪ್ಪಾಳೆ ತಟ್ಟುತ್ತಿತ್ತು. ಸ್ಯಾಕ್ಸೋಫೋನಿಗೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ವರ್ಷಗಳು ಕಳೆದಂತೆ ಅವನ ಮೂಗು ಹಳೆಯ ಆಲೂಗಡ್ಡೆಯಾಯಿತು. ತಾನೇ ಸೀನಿದ್ದು ಎಂದು ಅವನಿಗೂ ನಂಬಿಕೆ ಬಂತು. ಹಟ್ಟಿಯಲ್ಲಿ ಮಾತ್ರ ಇದರಿಂದ ಬೇರೆ ಫಲ. ಒಂಟಿ ಸೀನು ಅಪಶಕುನ. ಮನೆಗೆ ಪಾಯ ತೋಡುವವರು, ಹೆಣ್ಣು ನೋಡಲು ಹೊರಟವರು ಬೆಳ್ಳಿರಾಜನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಅವತ್ತು ಬೆಳಿಗ್ಗೆ ಅವನು ಸ್ಯಾಕ್ಸೋಫೋನಿನ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದಾಗ ಒಳಗೆ ಹೆಣ್ಣು ನೋಡಲು ಹೊರಟ ಗುಂಪೊಂದು ಆಗಲೇ ಕೂತಿತ್ತು. ಬಸ್ಸಿಗೆ ಬಾಗಿಲು ಹಾಕಿಕೊಳ್ಳುವಂತಿರಲಿಲ್ಲ. ಗುಂಪಿನ ಯಜಮಾನಿ ಹಾಲಿ ಎಂಬ ಹೆಸರಿನ ಹೆತ್ತೆ. ಹೆತ್ತೆ ಎಂದರೆ ಅಜ್ಜಿ. ಆದರೆ ಮೈತುಂಬ ಬಿಳಿ ಬಟ್ಟೆ ಸುತ್ತಿಕೊಂಡು ನೆಟ್ಟಗೆ ಕೂತ ಆ ಮುದುಕಿಯನ್ನು ಕಂಡರೆ ಫಾರೆಸ್ಟ್ ಗಾರ್ಡುಗಳೂ ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಮೊಮ್ಮಗ ನವೀನ, ಹೊಸ ಶರಟಿನ ಕಾಲರಿನೊಳಗೆ ಕತ್ತು ಸಿಕ್ಕಿಕೊಂಡವನಂತೆ ಕೂತಿದ್ದ.

"ಬೆಳ್ಳಿ, ದೂರ ಕೂಕೋ. ಸೀನಿಗೀನಿಯೆ" ಅಂದಳು ಹೆತ್ತೆ.

"ಸೀನೋಕೆ ಬಂದ್ರೆ ತಾನೆ ಹೆತ್ತೆ" ಎಂದು ಬೆಳ್ಳಿರಾಜ ಕಣ್ಣಲ್ಲಿ ನೀರು ತಂದುಕೊಂಡ.

ಸಂಗತಿ ತಿಳಿದದ್ದೇ ತಡ, ಬಸ್ಸೆಲ್ಲ ವೈದ್ಯರಾದರು. ಒಬ್ಬ ಕಿವಿಯಲ್ಲಿ ಗರಿ ಆಡಿಸಲು ಹೇಳಿದ. ಕಂಡಕ್ಟರು, "ಒಂದು ಕೈ ತುಂಬ ನಶ್ಯ ಹಾಕ್ಕೋ, ಚಿಟಿಕೆಯಲ್ಲಿ ಏನಾಗುತ್ತೆ?" ಎಂದು ಬುದ್ಧಿ ಹೇಳಿದ. ಬೆಳ್ಳಿರಾಜನಿಗೆ ಅದು ಸರಿ ಕಂಡಿತು. ಡಬ್ಬಿಯಲ್ಲಿದ್ದದ್ದನ್ನೆಲ್ಲ ಅಂಗೈಗೆ ಸುರಿದುಕೊಂಡು ಮೂಗಿನ ಹತ್ತಿರ ತರುವುದಕ್ಕೂ, ಬಸ್ಸು ತಿರುವು ಸುತ್ತಿ ಕಿಟಕಿಯಿಂದ ಗಾಳಿ ನುಗ್ಗುವುದಕ್ಕೂ ಸರಿಹೋಯಿತು. ನಶ್ಯ ಮೋಡವಾಗಿ ಎದ್ದು ಹಿಂದಿನ ಸೀಟುಗಳವರೆಗೆ ಹೋಯಿತು.

ಆಮೇಲೆ ಬಸ್ಸಿನಲ್ಲಿ ಸೀನದವರು ಇಬ್ಬರೇ. ಡ್ರೈವರು ತಲೆ ಕಿಟಕಿಯಿಂದ ಹೊರಗಿಟ್ಟಿದ್ದ. ಇನ್ನೊಬ್ಬ ಬೆಳ್ಳಿರಾಜ. ಕೋಳಿ ಬುಟ್ಟಿಯೊಳಗಿನ ಕೋಳಿ ಸಹ ಸೀನಿತು.

ಸದ್ದು ಅಡಗಿದ ಮೇಲೆ ಹೆತ್ತೆ ಸೆರಗಿನಿಂದ ಮೂಗೊರೆಸಿಕೊಂಡು, ನ್ಯಾಯಾಧೀಶರ ದನಿಯಲ್ಲಿ ಕೇಳಿದಳು: "ಒಟ್ಟು ಎಷ್ಟಾತು? ಜೋಡಿಯೋ, ಒಂಟಿಯೋ?"

ಕಂಡಕ್ಟರು ಟಿಕೆಟ್ಟಿನ ಲೆಕ್ಕವನ್ನೇ ಸರಿಯಾಗಿ ಇಡದವನು, ಸೀನಿನ ಲೆಕ್ಕ ಇಟ್ಟಿದ್ದ. "ಬೆಸ ಬಂತು ಹೆತ್ತೆ. ಕೋಳೀದು ಸೇರಿಸಿದ್ರೆ ಸರಿ ಆಗ್ತದೆ."

"ಕೋಳಿ ಸೀನು ಶಾಸ್ತ್ರಕ್ಕೆ ಬಾರ" ಅಂದಳು ಹೆತ್ತೆ. "ಒಂದು ಕಮ್ಮಿ ಆತು. ಸುರು ಮಾಡಿದವನೇ ಮುಗಿಸಬೇಕು. ಬೆಳ್ಳಿ, ಒಮ್ಮೆ ಸೀನು."

"ಬರೋದಿಲ್ಲ ಅಂತ ತಾನೆ ಹೆತ್ತೆ ನಾನು..."

"ಅದು ನಿನ್ನ ಪಾಡು. ನೀನು ಸೀನೋಗಂಟ ನಂಗ ಯಾರೂ ಹೆಣ್ಣು ನೋಡೋಕೆ ಹೋಗೋದಿಲ್ಲೆ. ನಿನ್ನ ಬಿಡೋದೂ ಇಲ್ಲೆ."

ತಲೆಕುಂದದಲ್ಲಿ ಬೆಳ್ಳಿರಾಜ ಇಳಿದ. ಹಣ್ಣು, ಹೂವು, ತೆಂಗಿನಕಾಯಿಯ ತಟ್ಟೆಗಳೊಂದಿಗೆ ಇಡೀ ಗುಂಪೂ ಇಳಿಯಿತು. ಕಲ್ಲಟ್ಟಿ ರಸ್ತೆಯಲ್ಲಿ ಮುಂದೆ ಬೆಳ್ಳಿರಾಜ, ಹಿಂದೆ ತಟ್ಟೆಗಳ ಮೆರವಣಿಗೆ. ಎದುರು ಬಂದ ಜೀಪಿನವರು ಯಾರದ್ದೋ ಮದುವೆಯೆಂದು ಹಾರ್ನು ಹೊಡೆದು ಕೈಬೀಸಿದರು.

ರೆಸಾರ್ಟಿನ ಗೇಟಿನ ಮುಂದೆ ಹೆತ್ತೆ ಗುಂಪಿನೊಂದಿಗೆ ಹುಲ್ಲಿನ ಮೇಲೆ ಕೂತಳು. ಅರ್ಧ ಗಂಟೆಯೊಳಗೆ ಟೂರಿಸ್ಟುಗಳು ಅವಳ ಪಕ್ಕದಲ್ಲಿ ನಿಂತು ಫೋಟೋ ಹೊಡೆಸಿಕೊಳ್ಳತೊಡಗಿದರು. ಓಡಿಬಂದ ಸಂತೋಷ್‌ಕುಮಾರ್ ಮೊದಲು ಗಾಬರಿಯಾದ. ಆಮೇಲೆ ಗಿರಾಕಿಗಳ ಸಂತೋಷ ನೋಡಿ, ಗುಂಪಿಗೆಲ್ಲ ಟೀ ಕಳಿಸಿ, ಬೆಳ್ಳಿರಾಜನ ಬೆನ್ನು ತಟ್ಟಿದ.

"ಕಲ್ಚರಲ್ ಪ್ರೋಗ್ರಾಂ ಬೇರೆ ತಂದ್ಯಾ? ಭೇಷ್! ಸೀನು ರೆಡಿನಾ?"

ಬೆಳ್ಳಿರಾಜ ನಿಜ ಹೇಳಿದ. ಸಂತೋಷ್‌ಕುಮಾರನ ಮುಖ ಬೆಂದ ಕೋಸಿನಂತಾಯಿತು.

"ಇವತ್ತೇ ಆಗ್ಬೇಕಿತ್ತಾ ನಿನ್ನ ಮೂಗಿಗೆ ಆರೋಗ್ಯ? ಮದರಾಸಿನವರು ರೆಕಾರ್ಡನ್ನ ಮತ್ತೆ ಹಾಕ್ತಾರೆ, ಕ್ಯಾಸೆಟ್ ಮಾಡ್ತಾರೆ ಅಂತ ಮುದಲಾಳಿಗೆ ನಾನೇ ಹೇಳಿಬಿಟ್ಟಿದ್ದೀನಿ! ನನ್ನ ಕೆಲಸವೂ ಹೋಗುತ್ತೆ!"

"ಅವರು ಹಾಗಂದ್ರಾ ಸಾರ್?"

"ಸೀನು ಕೇಳೋಕೆ ಬರ್ತೀನಿ ಅಂದ್ರು. ಇನ್ಯಾಕೆ ಬರ್ತಾರೆ ಮತ್ತೆ?"

ಈ ಸುದ್ದಿ ಅಡಿಗೆಮನೆಗೆ ಹೋಗುವಷ್ಟರಲ್ಲಿ ಮದರಾಸಿನವರು ಕಂಪನಿಯ ಯಜಮಾನರಾಗಿದ್ದರು. ಲಾಂಡ್ರಿಗೆ ಹೋಗುವಷ್ಟರಲ್ಲಿ ಸೀನನ್ನು ಸಿನಿಮಾಕ್ಕೆ ಹಾಕಲು ಬರುತ್ತಿದ್ದರು. ಮಧ್ಯಾಹ್ನದ ಊಟದ ನಂತರ ಇಡೀ ರೆಸಾರ್ಟಿಗೆ ಒಂದೇ ಕೆಲಸ: ಬೆಳ್ಳಿರಾಜನನ್ನು ಸೀನಿಸುವುದು.

ಅಡಿಗೆಯವರು ಅವನನ್ನು ಒಲೆಯ ಮುಂದೆ ಕೂರಿಸಿ ಒಣಮೆಣಸಿನಕಾಯಿ ಸುಟ್ಟರು. ಅಡಿಗೆಮನೆ ಖಾಲಿಯಾಯಿತು. ಹಿತ್ತಿಲಲ್ಲಿ ಕಟ್ಟಿದ್ದ ನಾಯಿ ಹಗ್ಗ ಕಿತ್ತುಕೊಂಡು ಕಾಡಿನ ಕಡೆ ಓಡಿತು. ಬೆಳ್ಳಿರಾಜ ಒಬ್ಬನೇ ಹೊಗೆಯ ನಡುವೆ ಕೂತು, "ಒಳ್ಳೇ ಘಾಟು, ಸಾರಿಗೆ ಹಾಕಿದ್ರೆ ಚೆನ್ನಾಗಿರ್ತಿತ್ತು" ಅಂದ. ರೂಮುಗಳ ಮೇಲ್ವಿಚಾರಕಿ ಕಾಳಿಯಮ್ಮ, "ಹೊಗೆಯಲ್ಲಿ ಬರೋದಿಲ್ಲ, ಧೂಳಲ್ಲಿ ಬರ್ತದೆ" ಎಂದು ಲೌಂಜಿನ ರತ್ನಗಂಬಳಿಯನ್ನು ಅವನ ತಲೆಯ ಮೇಲೆಯೇ ಕೊಡವಿದಳು. ಬ್ರಿಟಿಷರ ಕಾಲದ ಧೂಳು ಕೆಳಗಿಳಿಯಿತು. ಕಾಳಿಯಮ್ಮ ಸೀನಿ ಸೀನಿ ಬೆಂಚಿನ ಮೇಲೆ ಮಲಗಿದಳು. ಬೆಳ್ಳಿರಾಜ ಬರೀ ಬೆಳ್ಳಗಾದ.

"ಮೈ ಡಿಯರ್ ಬೆಳ್ಳಿ, ಸೂರ್ಯನನ್ನ ನೇರವಾಗಿ ನೋಡು, ಸೀನು ತಾನೇ ಬರುತ್ತೆ. ನನ್ನ ಅಂಕಲ್ ಹಾಗೇ ಮಾಡ್ತಿದ್ದ" ಅಂದಳು ಮಿಸ್ ಡಾಫ್ನಿ.

ದೇವ ಕಿಟಕಿಯ ಹೊರಗಿನ ಮಂಜನ್ನು ತೋರಿಸಿದ. "ಸೂರ್ಯನನ್ನ ನೋಡ್ಬೇಕಾದ್ರೆ ಮೇಟ್ಟುಪಾಳ್ಯಕ್ಕೇ ಹೋಗ್ಬೇಕು ಮಿಸ್ಸಿ."

"ಸುಳ್ಳು ಸೀನು ಸೀನಿದ್ರಾಯ್ತು" ಎಂದು ಸಂತೋಷ್‌ಕುಮಾರ್ ಕೊನೆಗೆ ಶರಣಾದ. ಬೆಳ್ಳಿರಾಜ ಬಾಯಲ್ಲೇ ಒಂದು ಸೀನು ಸೀನಿ ತೋರಿಸಿದ. ಗಂಟಲಿಗೆ ಹುಲ್ಲು ಸಿಕ್ಕಿದ ಕುರಿಯಂತೆ ಕೇಳಿಸಿತು. ಎಲ್ಲರೂ ಒಂದು ಕ್ಷಣ ತಲೆ ತಗ್ಗಿಸಿದರು, ಸತ್ತವರ ಮನೆಯಲ್ಲಿ ತಗ್ಗಿಸುವಂತೆ.

ಗೇಟಿನಿಂದ ಹೆತ್ತೆ ಪ್ರತಿ ಗಂಟೆಗೊಮ್ಮೆ ನವೀನನನ್ನು ಕಳಿಸುತ್ತಿದ್ದಳು. ಪಾಪದ ಹುಡುಗ ಬಾಗಿಲಲ್ಲಿ ನಿಂತು, "ಬೆಳ್ಳಣ್ಣ, ಬಂತಾ?" ಎಂದು ಕೇಳುತ್ತಿದ್ದ. ಇಲ್ಲವೆಂದರೆ ತಲೆ ಕೆರೆದುಕೊಂಡು ಮೆಲ್ಲಗೆ, "ಹುಡುಗಿ ಫೋಟೋದಲ್ಲಿ ಚೆನ್ನಾಗಿದಾಳೆ ಅಣ್ಣ. ಸ್ವಲ್ಪ ಮನಸ್ಸು ಮಾಡಿ" ಅನ್ನುತ್ತಿದ್ದ. ಬೆಳ್ಳಿರಾಜ ಮೂಗು ಮುಟ್ಟಿ ನೋಡಿಕೊಳ್ಳುತ್ತಿದ್ದ. ಈ ಮೂಗನ್ನು ನಂಬಿಕೊಂಡು ಎಷ್ಟು ಜನ! ಡಾಫ್ನಿಗೆ ರೆಸಾರ್ಟಿನ ಹಿಂದಿನ ಕೋಣೆ ಬಿಟ್ಟರೆ ಬೇರೆ ಮನೆಯಿಲ್ಲ. ದೇವನಿಗೆ ಡ್ರಮ್ಮು ಬಿಟ್ಟರೆ ಬೇರೆ ಏನನ್ನೂ ಹೊಡೆಯಲು ಬಾರದು. ತನಗೋ, ಐವತ್ತೈದರ ವಯಸ್ಸಿನಲ್ಲಿ ಯಾವ ಹಟ್ಟಿಯಲ್ಲಿ ಯಾರು ಸ್ಯಾಕ್ಸೋಫೋನು ಊದಲು ಕರೆಯುತ್ತಾರೆ?

ಸಂಜೆಯಾಯಿತು. ಲೌಂಜು ತುಂಬಿತು. ಮುದಲಾಳಿ ಬಿಳಿ ಪಂಚೆ, ಬಿಳಿ ಶರಟು, ಕೈಗೆ ದಪ್ಪ ಗಡಿಯಾರದೊಂದಿಗೆ ಮುಂದಿನ ಮೇಜಿನಲ್ಲಿ ಕೂತರು. ಅವರ ಪಕ್ಕದಲ್ಲಿ ಮದರಾಸಿನ ಅತಿಥಿ. ಮಂಕಿಕ್ಯಾಪು, ಎರಡು ಸ್ವೆಟರು, ಅದರೊಳಗೆ ಎಲ್ಲೋ ಒಬ್ಬ ಬಡಕಲು ಮುದುಕರು. ಹೆತ್ತೆ ತನ್ನ ಗುಂಪಿನೊಂದಿಗೆ ಬಾಗಿಲಲ್ಲೇ ನಿಂತಿದ್ದಳು. ಅವಳನ್ನು ತಡೆಯಲು ಹೋದ ಕಾವಲುಗಾರನ ಕೈಯಲ್ಲಿ ಈಗ ತೆಂಗಿನಕಾಯಿಯ ತಟ್ಟೆಯಿತ್ತು.

ಕೊನೆಯ ಪ್ರಯತ್ನವೆಂದು ದೇವ, ಯಾರಿಗೂ ಹೇಳದೆ, ಡ್ರಮ್ಮಿನ ಮೇಲೆ ಒಂದು ಡಬ್ಬಿ ಕರಿಮೆಣಸಿನ ಪುಡಿ ಹರಡಿದ್ದ. ಬಾರಿಸಿದ ಹಾಗೆಲ್ಲ ಅದು ಏಳುತ್ತದೆ, ಬೆಳ್ಳಿರಾಜನ ಮೂಗಿಗೆ ಬಡಿಯುತ್ತದೆ ಎಂಬುದು ಅವನ ಲೆಕ್ಕ. ಎದ್ದದ್ದೇನೋ ನಿಜ. ಆದರೆ ಮೆಣಸಿನಕಾಯಿಯ ಘಾಟು ಹೋಗಲೆಂದು ಮೇಲೆ ಹಾಕಿದ್ದ ಫ್ಯಾನು ಅದನ್ನು ಬೆಳ್ಳಿರಾಜನ ತಲೆಯ ಮೇಲಿಂದ ಹಾರಿಸಿ ಮುಂದಿನ ಮೇಜಿನ ಕಡೆಗೆ ಕಳಿಸಿತು.

ನಿಧಾನದ ಪ್ರೇಮಗೀತೆ ಶುರುವಾಯಿತು. ಔಷಧದ ಪುಣ್ಯವೋ ಏನೋ, ಬೆಳ್ಳಿರಾಜ ಅವತ್ತು ಊದಿದಂತೆ ಹಿಂದೆಂದೂ ಊದಿರಲಿಲ್ಲ. ಉಸಿರು ತುಂಬಿ ಬಂದು ಸ್ವರಗಳು ಬೆಟ್ಟದಿಂದ ಮಂಜು ಇಳಿದ ಹಾಗೆ ಇಳಿದವು. ಡಾಫ್ನಿ ಬೆರಗಾಗಿ ಅವನ ಕಡೆ ತಿರುಗಿ ನೋಡಿದಳು. ಸಭಿಕರಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಎಲ್ಲರೂ ಸೀನಿಗಾಗಿ ಕಾಯುತ್ತಿದ್ದರು.

ಆ ಜಾಗ ಬಂತು. ವಾದ್ಯಗಳು ನಿಂತವು.

ಬೆಳ್ಳಿರಾಜ ಕಣ್ಣು ಮುಚ್ಚಿದ. ಮೂಗನ್ನು ಮನಸ್ಸಿನಲ್ಲೇ ಬೇಡಿಕೊಂಡ, ಬೈದ, ಹರಕೆ ಹೊತ್ತ. ಮೂಗು ಹೊಸದಾಗಿ ಬಣ್ಣ ಬಳಿದ ಶಾಲೆಯಂತೆ ಸ್ವಚ್ಛವಾಗಿ, ಖಾಲಿಯಾಗಿ ಇತ್ತು. ಮೌನ ಬೆಳೆಯಿತು. ಮುದಲಾಳಿ ಗಡಿಯಾರ ನೋಡಿಕೊಂಡರು. ಸಂತೋಷ್‌ಕುಮಾರ್ ಕಂಬಕ್ಕೆ ಒರಗಿದ. ಎಲ್ಲ ಮುಗಿಯಿತು ಎಂದು ಬೆಳ್ಳಿರಾಜ ಸ್ಯಾಕ್ಸೋಫೋನನ್ನು ತುಟಿಯಿಂದ ಕೆಳಗಿಳಿಸಿದ.

"ಹಾ...ಆ...ಆಕ್ಷೀಂಯ್!"

ಕಂಬಳಿ ಹರಿದಂತೆ! ಅದೇ ಏರು, ಅದೇ ಇಳುವು, ಕೊನೆಯಲ್ಲಿ ಅದೇ 'ಂಯ್'. ರೆಕಾರ್ಡಿನಿಂದ ಎತ್ತಿ ಲೌಂಜಿನಲ್ಲಿಟ್ಟ ಹಾಗೆ! ಸಭೆ ರೋಮಾಂಚನಗೊಂಡು "ಬ್ಲೆಸ್ ಯೂ!" ಎಂದು ಚಾವಣಿ ಹಾರುವಂತೆ ಕೂಗಿತು.

ಸೀನಿದವರು ಮಂಕಿಕ್ಯಾಪಿನ ಮುದುಕರು.

ಹಾಡು ಹೇಗೋ ಮುಗಿಯಿತು. ಬೆಳ್ಳಿರಾಜ ನಡೆದುಬಂದು ಅವರ ಮುಂದೆ ನಿಂತ. ಮುದುಕರು ಮೂಗೊರೆಸಿಕೊಂಡು ಸಂಕೋಚವಿಲ್ಲದೆ ನಕ್ಕರು.

"ಇನ್ನೂ ಹಾಗೇ ಇದೆ ಅಲ್ವಾ? ಮನೆಯಲ್ಲಿ ಎಲ್ಲರೂ ಹೇಳ್ತಾರೆ, ವಯಸ್ಸಾದ್ರೂ ಸೀನು ಮಾತ್ರ ಬದಲಾಗಿಲ್ಲ ಅಂತ. ಆವತ್ತು ನಾನೇ ಇಲ್ಲಿ ಪರದೆ ಹಿಂದೆ ಕೂತು ನಿಮ್ಮನ್ನ ರೆಕಾರ್ಡ್ ಮಾಡಿದ್ದು."

"ಅಂದ್ರೆ... ಆ ಸೀನು..."

"ನಂದೇ! ನಮ್ಮ ಮೊಮ್ಮಕ್ಕಳಿಗೆ ಅದನ್ನ ಎಷ್ಟು ಸಲ ಹಾಕಿ ತೋರಿಸಿದ್ದೀನೋ. ಹೋದ ತಿಂಗಳು ನಮ್ಮ ಸೊಸೆ ಇಲ್ಲಿಗೆ ಬಂದಿದ್ದಳು. ಮಾವಾ, ನಿಮ್ಮ ಸೀನನ್ನ ಅಲ್ಲಿ ಯಾರೋ ದಿನಾ ಸೀನ್ತಾರೆ ಅಂದಳು. ಯಾರಪ್ಪ ಅದು, ನೋಡಿಕೊಂಡು ಬರೋಣ ಅಂತ ಬಂದೆ." ಅವರು ಬೆಳ್ಳಿರಾಜನ ಮೂಗನ್ನು ಮೆಚ್ಚುಗೆಯಿಂದ ನೋಡಿದರು. "ನೀವೇನಾ? ಪರವಾಗಿಲ್ಲ, ಸುಮಾರಾಗಿ ಮಾಡ್ತೀರಂತೆ."

"ಆವತ್ತೇ ಯಾಕೆ ಸಾರ್ ಹೇಳಲಿಲ್ಲ? ಎಲ್ಲರೂ ನನ್ನ ಬೈದ್ರು!"

"ಬೈದ್ರಾ? ನನ್ನ ಕಿವಿಗೆ ಇಯರ್‌ಫೋನ್ ಇತ್ತಪ್ಪ. ಏನೂ ಕೇಳಿಸಲಿಲ್ಲ."

ಬಾಗಿಲಲ್ಲಿ ಹೆತ್ತೆ ಕೈಯೆತ್ತಿ ನಿಂತಳು. ಮುದುಕರು ಹೇಳಿದ್ದನ್ನೆಲ್ಲ ಅವಳಿಗೆ ನವೀನ ಹಟ್ಟಿಯ ಮಾತಿಗೆ ಅನುವಾದಿಸುತ್ತಿದ್ದ. "ಹಂಗಾದ್ರೆ ಸುರು ಮಾಡಿದವ ಇವನೇ!" ಅಂದಳು ಹೆತ್ತೆ. "ಸುರು ಮಾಡಿದವನೇ ಮುಗಿಸಿದ. ಜೋಡಿ ಆತು. ಏಳಿ, ಹೋಗೋಣ!" ಹೊರಡುವ ಮುನ್ನ ಮುದುಕರ ಕೈಗೆ ಎರಡು ಬಾಳೆಹಣ್ಣು ಕೊಟ್ಟು, ಬೆಳ್ಳಿರಾಜನ ಕಡೆ ತಿರುಗಿ, "ಬೆಳಗ್ಗಿಂದ ಸುಮ್ಮನೆ ನಂಗಳ ಕಾಯಿಸಿದೆ ನೀ" ಎಂದು ಗದರಿ ನಡೆದಳು.

ಬೆಳ್ಳಿರಾಜ ಕುರ್ಚಿಯ ಮೇಲೆ ಕುಸಿದ. ಇನ್ನೊಬ್ಬನ ಸೀನಿಗಾಗಿ ಇಪ್ಪತ್ತೇಳು ವರ್ಷ ಮೂಗು ಸವೆಸಿದ್ದೆ. ಹೆಂಡತಿಯ ತಲೆಯ ಎಣ್ಣೆಯ ವಾಸನೆ ಗೊತ್ತಿರಲಿಲ್ಲ. ಹಟ್ಟಿಯ ಒಂದು ಮದುವೆಗೂ ಮುಂದೆ ನಿಂತಿಲ್ಲ. ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಅವನು ಕೊನೆಯ ಮಾತೊಂದನ್ನು ಹಿಡಿದುಕೊಂಡ.

"ಹೋಗ್ಲಿ ಸಾರ್. ಸೀನು ನಿಮ್ಮದೇ ಇರ್ಲಿ. ಸ್ಯಾಕ್ಸೋಫೋನ್ ಅಂತೂ ನಂದಲ್ವಾ?"

ಮುದುಕರು ನೆನಪು ಮಾಡಿಕೊಂಡರು. "ಆ ಮಗ್ಗುಲಿನಲ್ಲಾ? ನಿಮಗೆ ನೆಗಡಿ ಅಲ್ವಾ ಆವತ್ತು. ಊದಿದ್ದಕ್ಕಿಂತ ಮೂಗಿನ ಗೊರಗೊರ ಜಾಸ್ತಿ ಬರ್ತಿತ್ತು. ನಿಮ್ಮ ಮೈಕು ನಾನು ಆರಿಸಿಬಿಟ್ಟಿದ್ದೆ. ಅದರಲ್ಲಿ ಕೇಳೋದು ಈಯಮ್ಮನ ಆರ್ಗನ್ನು. ಅದರಲ್ಲೂ ಸ್ಯಾಕ್ಸೋಫೋನಿನ ದನಿಯ ಗುಂಡಿ ಇತ್ತಲ್ಲ."

ಬೆಳ್ಳಿರಾಜ ಡಾಫ್ನಿಯ ಕಡೆ ನೋಡಿದ. ಡಾಫ್ನಿ ಆರ್ಗನ್ನಿನ ಮೇಲಿನ ಇಲ್ಲದ ಧೂಳನ್ನು ಒರೆಸುತ್ತಾ, "ನನಗೆ ಮೊದಲಿಂದ ಡೌಟ್ ಇತ್ತು, ಡಿಯರ್. ನಿನಗೆ ಬೇಜಾರಾಗಬಾರದು ಅಂತ..." ಅಂದಳು.

"ಹಾಗಾದ್ರೆ ಆ ಹಾಡಿನಲ್ಲಿ ನಾನು ಎಲ್ಲೂ ಇಲ್ವಾ ಸಾರ್?"

ಮುದುಕರು ಒಳ್ಳೆಯವರು. ಬಹಳ ಯೋಚಿಸಿದರು. "ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದ್ರಲ್ಲ, ಅದರಲ್ಲಿ ನೀವು ಇರ್ತೀರಿ."

"ಚಪ್ಪಾಳೆ ಹೊತ್ತಿಗೆ ನಾನು ಮೂಗು ತೊಳೆಯೋಕೆ ಹೋಗಿದ್ದೆ" ಅಂದ ಬೆಳ್ಳಿರಾಜ.

ಇಷ್ಟರಲ್ಲಿ ಮುದಲಾಳಿ ಎದ್ದು ನಿಂತಿದ್ದರು. ಅವರ ಮುಖ ಹಬ್ಬದ ದೀಪದಂತೆ ಬೆಳಗುತ್ತಿತ್ತು. "ಡಿಜೆ ವೇಂಡಾಂ! ಬೇಡವೇ ಬೇಡ!" ಎಂದು ಘೋಷಿಸಿದರು. "ಒರಿಜಿನಲ್ ಸೀನು ನಮ್ಮ ರೆಸಾರ್ಟಲ್ಲಿ! ಸಾರ್, ನೀವು ಸೀಸನ್ ಪೂರ್ತಿ ಇಲ್ಲೇ ಇರಿ. ರೂಮು, ಊಟ, ಬಿಸಿನೀರು ಎಲ್ಲ ಫ್ರೀ. ಸಾಯಂಕಾಲ ಒಂದು ಸಲ ಸೀನಿದ್ರೆ ಸಾಕು." ಮುದುಕರಿಗೆ ಮದರಾಸಿನ ಮೇ ತಿಂಗಳು ನೆನಪಾಗಿರಬೇಕು. ಕೂಡಲೇ ಒಪ್ಪಿಬಿಟ್ಟರು. ಮುದಲಾಳಿ ಬೆರಳು ಮಡಿಚಿದರು. "ರೆಕಾರ್ಡಲ್ಲಿ ಇರೋ ಹಾಗೇ ಇರಲಿ. ಆರ್ಗನ್ನು, ಡ್ರಮ್ಮು, ಸೀನು. ಮೂರು ಜನ. ಸ್ಯಾಕ್ಸೋಫೋನ್ ಅದರಲ್ಲಿ ಇಲ್ಲ ಅಂದ್ರಲ್ಲ?"

ಬೆಳ್ಳಿರಾಜ ಎದ್ದು ಹೋಗಿ ಸ್ಯಾಕ್ಸೋಫೋನನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ. ದೇವ ಡ್ರಮ್ಮಿನ ಕಡ್ಡಿಗಳನ್ನೇ ನೋಡುತ್ತಾ ಕೂತಿದ್ದ.

"ಎಲ್ಲಿಗೆ ಹೊರಟ್ರಿ?" ಮುದಲಾಳಿ ಕೂಗಿದರು. "ನಿಮ್ಮನ್ನ ಬಿಡೋಕಾಗುತ್ತಾ? ಸಾರ್‌ಗೆ ದಿನಾ ಸರಿಯಾದ ಹೊತ್ತಿಗೆ ಸೀನು ಬರ್ಬೇಕಲ್ಲ! ಹಾಡಿನಲ್ಲಿ ಎಲ್ಲಿ ನಶ್ಯ ಕೊಡ್ಬೇಕು, ಎಷ್ಟು ಕೊಡ್ಬೇಕು ಅನ್ನೋದು ನಿಮ್ಮಷ್ಟು ಯಾರಿಗೆ ಗೊತ್ತು? ನೀವು ಅವರ ಕುರ್ಚಿ ಹಿಂದೆ ನಿಂತ್ಕೊಳ್ಳಿ."

ಆಗ ಊಟಕ್ಕೆ ಬಂದ ಹೊಸ ಟೂರಿಸ್ಟುಗಳ ಗುಂಪೊಂದು ಸೀನಿನ ಹಾಡು ತಪ್ಪಿಹೋಯಿತೆಂದು ಗಲಾಟೆ ಎಬ್ಬಿಸಿತು. ಮುದಲಾಳಿ ಹಾಡನ್ನು ಇನ್ನೊಮ್ಮೆ ನುಡಿಸಲು ಕೈಬೀಸಿದರು. ಯಾರೋ ಹೊಸ ನಶ್ಯದ ಡಬ್ಬಿ ತಂದು ಬೆಳ್ಳಿರಾಜನ ಕೈಗಿತ್ತರು. ಮುದುಕರು ಬಾಳೆಹಣ್ಣಿನ ಸಿಪ್ಪೆ ಪಕ್ಕಕ್ಕಿಟ್ಟು, ಮಂಕಿಕ್ಯಾಪು ಸರಿಮಾಡಿಕೊಂಡು, ವೇದಿಕೆಯ ನಡುವಿನ ಕುರ್ಚಿಯಲ್ಲಿ ಮದುಮಗನಂತೆ ಕೂತರು. ಬೆಳ್ಳಿರಾಜ ಅವರ ಹಿಂದೆ ನಿಂತ. ಮೌನ ಬರುವುದಕ್ಕೆ ಸ್ವಲ್ಪ ಮುಂಚೆ, ಮೂಗಿಗೇ ತಿಳಿದಿದ್ದ ಆ ಹೊತ್ತಿಗೆ, ಡಬ್ಬಿಯ ಮುಚ್ಚಳ ತೆಗೆದು ಬಗ್ಗಿ, ಚಿಟಿಕೆಯನ್ನು ಮುದುಕರ ಮೂಗಿನ ಕೆಳಗೆ ಹಿಡಿದ.

ಡಾಕ್ಟರ ಔಷಧದ ಅವಧಿ ಅಷ್ಟೇ ಇದ್ದಿರಬೇಕು. ವಾದ್ಯಗಳು ನಿಂತದ್ದೇ ತಡ, ಬೆಳಗಿನಿಂದ ಏರಿಸಿದ ನಶ್ಯ, ಹೊಗೆ, ಧೂಳು ಎಲ್ಲವೂ ಒಂದಾಗಿ ಎದ್ದು ಬಂತು. ಬೆಳ್ಳಿರಾಜ ಸೀನಿದ. ಕಿಟಕಿಯ ಗಾಜು ನಡುಗಿತು. ಇಪ್ಪತ್ತೇಳು ವರ್ಷಗಳಲ್ಲಿ ಅಂಥ ಸೀನು ಅವನ ಮೂಗಿನಿಂದ ಹೊರಟಿರಲಿಲ್ಲ.

ಲೌಂಜಿನಲ್ಲಿ ಯಾರೂ "ಬ್ಲೆಸ್ ಯೂ" ಅನ್ನಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬಳು ತಟ್ಟೆಗೆ ಕೈ ಅಡ್ಡ ಹಿಡಿದಳು.

ಸಂತೋಷ್‌ಕುಮಾರ್ ಬಗ್ಗಿಕೊಂಡು ಓಡಿಬಂದು ಅವನ ಕಿವಿಯಲ್ಲಿ ಪಿಸುಗುಟ್ಟಿದ: "ಷ್! ಬೆಳ್ಳಿ, ಮೂಗಿಗೆ ಒಂದು ಬಟ್ಟೆ ಕಟ್ಕೋ. ಸಾರ್ ಸೀನೋದು ಜನಕ್ಕೆ ಕೇಳಿಸ್ಬೇಕು."